ಮಿಷಿಗನ್‌ಗೆ ಹೊಸದಾಗಿ ಬಂದವರಿಗೆ: ರಾವ್-4 ಕೊಳ್ಳುವ ಮುನ್ನ ತಲೆಮಾರು ನೋಡಿ

ಇಲ್ಲಿಗೆ ಬಂದ ಎರಡನೇ ವಾರಕ್ಕೇ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. "ಯಾವ ಗಾಡಿ ತಗೊಳ್ಳಲಿ?" ಟ್ರಾಯ್, ನೋವೈ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್, ಎಲ್ಲಿ ಮನೆ ಮಾಡಿದರೂ ಗಾಡಿ ಇಲ್ಲದೆ ಹಾಲು ತರುವುದೂ ಕಷ್ಟ. ಮಕ್ಕಳಿರುವ ಮನೆಯವರು ಸುತ್ತಿ ಸುತ್ತಿ ಕೊನೆಗೆ ಬಂದು ನಿಲ್ಲುವುದು ಚಿಕ್ಕ ಎಸ್‌ಯುವಿಗಳ ಹತ್ತಿರ. ಟೊಯೋಟಾ ರಾವ್-4, ಹೋಂಡಾ ಸಿಆರ್-ವಿ, ಫೋರ್ಡ್ ಎಸ್ಕೇಪ್, ಷೆವಿ ಈಕ್ವಿನಾಕ್ಸ್. ನೀವು ಫೋರ್ಡ್‌ನಲ್ಲೋ ಜಿಎಂನಲ್ಲೋ ಕೆಲಸಕ್ಕೆ ಬಂದಿದ್ದರೆ ಮೊದಲು ಅಲ್ಲಿನ ಉದ್ಯೋಗಿ ರಿಯಾಯಿತಿ ನಿಮಗೆ ಸಿಗುತ್ತದಾ ಅಂತ ವಿಚಾರಿಸಿ. ಅದು ಸಿಕ್ಕರೆ ಲೆಕ್ಕವೇ ಬದಲಾಗುತ್ತದೆ.

ಈ ಬರಹದಲ್ಲಿ ರಾವ್-4 ಒಂದನ್ನೇ ಹಿಡಿದು ಹೇಳುತ್ತೇನೆ. ನಮ್ಮ ಕೂಟದಲ್ಲಿ ಅದರ ಬಗ್ಗೆ ಕೇಳುವವರೇ ಜಾಸ್ತಿ. ಬಿಡದಿಯ ಕಾರ್ಖಾನೆಯಿಂದ ಬಂದ ಕ್ವಾಲಿಸ್, ಇನ್ನೋವಾಗಳಲ್ಲಿ ಧರ್ಮಸ್ಥಳಕ್ಕೋ ಮದುವೆಗೋ ಹೋಗಿ ಬಂದವರು ನಾವು. ಟೊಯೋಟಾ ಅಂದರೆ ಒಂದು ನಂಬಿಕೆ ಆಗಲೇ ಇರುತ್ತದೆ. ಆ ನಂಬಿಕೆ ತಪ್ಪಲ್ಲ. ಆದರೆ ಬರೀ ಹೆಸರು ನಂಬಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಬಾರದು.

ವರ್ಷ ಒಂದು, ತಲೆಮಾರು ಇನ್ನೊಂದು

ಹೊಸದಾಗಿ ಬಂದವರು ಗಾಡಿಯ ವರ್ಷ ಮತ್ತು ಓಡಿದ ಮೈಲಿ, ಇವೆರಡನ್ನೇ ನೋಡುತ್ತಾರೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಇದು ಯಾವ ತಲೆಮಾರಿನ ಗಾಡಿ ಅನ್ನೋದು. ಕಂಪನಿಯವರು ಆರೇಳು ವರ್ಷಕ್ಕೊಮ್ಮೆ ಗಾಡಿಯನ್ನು ಬುಡದಿಂದ ಹೊಸದಾಗಿ ಕಟ್ಟುತ್ತಾರೆ. ನಡುವಿನ ವರ್ಷಗಳಲ್ಲಿ ಸಣ್ಣಪುಟ್ಟ ಬದಲಾವಣೆ ಅಷ್ಟೇ. ಹಾಗಾಗಿ 2018ರ ರಾವ್-4 ಮತ್ತು 2019ರ ರಾವ್-4 ನಡುವೆ ಒಂದೇ ವರ್ಷದ ಅಂತರವಿದ್ದರೂ ಅವು ಬೇರೆ ಬೇರೆ ಗಾಡಿಗಳು. 2019ರದ್ದು ಮತ್ತು 2025ರದ್ದು ಆರು ವರ್ಷ ದೂರವಿದ್ದರೂ ಅಣ್ಣ ತಮ್ಮಂದಿರು.

ಅಮೆರಿಕದಲ್ಲಿ ರಾವ್-4 ಮೂರನೇ ತಲೆಮಾರು 2006ರಿಂದ 2012ರವರೆಗೆ. ನಾಲ್ಕನೆಯದು 2013ರಿಂದ 2018. ಐದನೆಯದು 2019ರಿಂದ 2025. ಆರನೆಯದು 2026ರಿಂದ ಶುರು. ಇವೆಲ್ಲ ಮಾಡೆಲ್ ವರ್ಷಗಳು. 2019ರ ಮಾಡೆಲ್ 2018ರ ಕೊನೆಗೇ ಅಂಗಡಿಗೆ ಬಂದಿತ್ತು. ಗೊಂದಲವಾದರೆ ವಿಐಎನ್, ಅಂದರೆ ಪ್ರತಿ ಗಾಡಿಗೂ ಇರುವ ಗುರುತಿನ ನಂಬರ್ ನೋಡಿ. ಅದರ 17 ಅಕ್ಷರಗಳಲ್ಲಿ ಹತ್ತನೆಯದು ಮಾಡೆಲ್ ವರ್ಷ ಹೇಳುತ್ತದೆ. ಜೆ ಇದ್ದರೆ 2018, ಕೆ ಇದ್ದರೆ 2019, ಎಲ್ ಇದ್ದರೆ 2020.

ಮೂರನೇ ತಲೆಮಾರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಟೆಪ್ನಿ ಹಿಂದಿನ ಬಾಗಿಲಿಗೆ ನೇತಾಡುವ, ಡಿಕ್ಕಿ ಬಾಗಿಲು ಪಕ್ಕಕ್ಕೆ ತೆರೆಯುವ ಗಾಡಿ ಅದು. 2006ರಿಂದ 2008ರವರೆಗಿನ 2.4 ಲೀಟರ್ ಎಂಜಿನ್ ಆಯಿಲ್ ಕುಡಿಯುವುದಕ್ಕೆ ಹೆಸರು ಮಾಡಿದೆ. 2009ರಿಂದ ಬಂದ 2.5 ಲೀಟರ್ ಎಂಜಿನ್ ಪರವಾಗಿಲ್ಲ. ಆದರೂ ಇಷ್ಟು ಹಳೆಯ ಗಾಡಿಯನ್ನು ಮಿಷಿಗನ್‌ನಲ್ಲಿ, ಅದೂ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಓಡಿಸಲು, ನಾನು ಯಾರಿಗೂ ಹೇಳುವುದಿಲ್ಲ.

ಕಡಿಮೆ ದುಡ್ಡಿಗೆ ಸಿಗುವುದು ನಾಲ್ಕನೇ ತಲೆಮಾರು. ಇದರೊಳಗೇ ಮೂರು ಮೆಟ್ಟಿಲಿವೆ. ಐಐಎಚ್‌ಎಸ್ ಅನ್ನುವ ವಿಮಾ ಕಂಪನಿಗಳ ಸಂಸ್ಥೆ ಇಲ್ಲಿ ಗಾಡಿಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡುತ್ತದೆ. ಗಾಡಿಯ ಮುಂಭಾಗದ ಒಂದು ಮೂಲೆ ಮಾತ್ರ ಕಂಬಕ್ಕೋ ಮರಕ್ಕೋ ಬಡಿದರೆ ಏನಾಗುತ್ತದೆ ಅನ್ನುವ ಪರೀಕ್ಷೆಯಲ್ಲಿ 2013 ಮತ್ತು 2014ರ ರಾವ್-4 ಅತಿ ಕೆಳಗಿನ ದರ್ಜೆ ಪಡೆಯಿತು. ಟೊಯೋಟಾದವರು ಅದನ್ನು ಸರಿಪಡಿಸಿದರು. 2015ರಿಂದ ಡ್ರೈವರ್ ಬದಿಯ ಅದೇ ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆ ಸಿಕ್ಕಿತು. 2016ರಲ್ಲಿ ಪೆಟ್ರೋಲ್ ಎಂಜಿನ್ ಜೊತೆಗೆ ಎಲೆಕ್ಟ್ರಿಕ್ ಮೋಟಾರೂ ಇರುವ ಹೈಬ್ರಿಡ್ ಬಂತು. 2017ರಿಂದ ಮುಂದೆ ಅಪಾಯ ಕಂಡರೆ ತಾನಾಗಿಯೇ ಬ್ರೇಕ್ ಹಾಕುವ ವ್ಯವಸ್ಥೆ ಎಲ್ಲ ಟ್ರಿಮ್‌ಗಳಿಗೂ, ಅಂದರೆ ಕಡಿಮೆ ಬೆಲೆಯದರಿಂದ ಹಿಡಿದು ಎಲ್ಲ ದರ್ಜೆಗೂ ಬಂತು. ಹಾಗಾಗಿ ಈ ತಲೆಮಾರಿನಲ್ಲಿ ನನ್ನ ಆಯ್ಕೆ 2017 ಮತ್ತು 2018. ಫೋನಿನ ಮ್ಯಾಪ್ ಪರದೆ ಮೇಲೆ ತೋರಿಸುವ ಕಾರ್‌ಪ್ಲೇ ಇದರಲ್ಲಿ ಇರುವುದಿಲ್ಲ. ಡ್ಯಾಷ್‌ಬೋರ್ಡಿಗೆ ಒಂದು ಫೋನ್ ಸ್ಟ್ಯಾಂಡ್ ಸಿಕ್ಕಿಸಿಕೊಂಡರೆ ಆ ಕೊರತೆ ತೀರುತ್ತದೆ. ತಾನಾಗಿ ಬ್ರೇಕ್ ಹಾಕುವುದನ್ನು ಆಮೇಲೆ ಸಿಕ್ಕಿಸಲು ಆಗುವುದಿಲ್ಲ, ಅಲ್ವಾ?

ಈ ತಲೆಮಾರಿಗೆ ಒಂದು ದೊಡ್ಡ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಗಾಡಿಗಳನ್ನು ಕರೆಯುವುದು, ಕೂಡ ಇದೆ. ಬದಲಿಸಿ ಹಾಕಿದ 12 ವೋಲ್ಟ್ ಬ್ಯಾಟರಿ ಅಳತೆಯಲ್ಲಿ ಚಿಕ್ಕದಾಗಿದ್ದು, ಅದನ್ನು ಹಿಡಿಯುವ ಪಟ್ಟಿ ಸಡಿಲವಾಗಿದ್ದರೆ, ಜೋರಾಗಿ ತಿರುಗುವಾಗ ಬ್ಯಾಟರಿ ಜರುಗಿ ಶಾರ್ಟ್ ಆಗಬಹುದು, ಬೆಂಕಿಯೂ ಹತ್ತಬಹುದು. 2023ರ ನವೆಂಬರ್‌ನಲ್ಲಿ ಸುಮಾರು 18.5 ಲಕ್ಷ ಗಾಡಿಗಳನ್ನು ಇದಕ್ಕಾಗಿ ಕರೆದರು. ನೀವು ನೋಡುತ್ತಿರುವ ಗಾಡಿಗೆ ಆ ಕೆಲಸ ಆಗಿದೆಯಾ ಅಂತ ರಸ್ತೆ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ವಿಐಎನ್ ಹಾಕಿದರೆ ಪುಕ್ಕಟೆಯಾಗಿ ಗೊತ್ತಾಗುತ್ತದೆ. ಬಾಕಿಯಿದ್ದರೆ ಡೀಲರ್ ಹತ್ತಿರ ದುಡ್ಡಿಲ್ಲದೆ ಮಾಡಿಸಿಕೊಳ್ಳಬಹುದು.

ಉಪ್ಪು, ತುಕ್ಕು ಮತ್ತು ಐದನೇ ತಲೆಮಾರು

ನಾನು ಬಂದದ್ದು ಒಂದು ನವೆಂಬರ್‌ನಲ್ಲಿ. ಹಿಮ ಬೀಳುವುದರೊಳಗೆ ಗಾಡಿ ಬೇಕು ಅನ್ನುವ ಹೆದರಿಕೆ. ಮೂರನೇ ಶನಿವಾರಕ್ಕೇ ಒಂದು ಸಣ್ಣ ಡೀಲರ್ ಹತ್ತಿರ 2014ರ ರಾವ್-4 ಕೊಂಡೆ. ಮೈಯೆಲ್ಲ ಕನ್ನಡಿಯಂತೆ ಹೊಳೆಯುತ್ತಿತ್ತು. ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಬ್ರೇಕ್ ಪೆಡಲ್ ಮೆತ್ತಗಾಯಿತು. ಹಿಂದಿನ ಸೀಟಿನಲ್ಲಿ ಮಗಳಿದ್ದಳು. ನಿಧಾನವಾಗಿ ಗ್ಯಾರೇಜಿಗೆ ತಲುಪಿಸಿದೆ. ಮೆಕ್ಯಾನಿಕ್ ಗಾಡಿ ಎತ್ತಿ ನನ್ನನ್ನು ಕೆಳಗೆ ಕರೆದು ತೋರಿಸಿದರು. ಬ್ರೇಕ್ ಪೈಪಿನ ಮೇಲೆ ಬೆರಳಿಟ್ಟರೆ ತುಕ್ಕು ಹಪ್ಪಳದ ಚೂರಿನಂತೆ ಉದುರುತ್ತಿತ್ತು. ಕೊಳ್ಳುವ ದಿನ ಒಂದು ಸಲ ಗಾಡಿ ಎತ್ತಿಸಿ ನೋಡಿದ್ದರೆ ಅಂದೇ ಕಾಣುತ್ತಿತ್ತು. ಆ ಬೆಳಗ್ಗೆ ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಈ ಮಾರ್ಗದರ್ಶಿ ಬರೆಯಲು ಕೂತದ್ದೇ ಆ ದಿನದಿಂದಾಗಿ.

ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯ್ಟ್ ನೆಲದ ಕೆಳಗೆ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯೇ ಇದೆ. ರಸ್ತೆಗೆ ಹಾಕುವ ಉಪ್ಪು ಅಲ್ಲಿಂದಲೂ ಬರುತ್ತದೆ. ಹಿಮದ ನೀರಿನಲ್ಲಿ ಕರಗಿದ ಆ ಉಪ್ಪು ಗಾಡಿಯ ಹೊಟ್ಟೆಗೆ ಮೆತ್ತಿಕೊಂಡು ಕಬ್ಬಿಣ ತಿನ್ನುತ್ತದೆ. ಸಾಲದ್ದಕ್ಕೆ ಮಿಷಿಗನ್‌ನಲ್ಲಿ ವರ್ಷಕ್ಕೊಮ್ಮೆ ಗಾಡಿ ತಪಾಸಣೆ ಮಾಡಿಸಬೇಕೆನ್ನುವ ನಿಯಮ ಇಲ್ಲ. ಅಂದರೆ ಹತ್ತು ವರ್ಷದ ಗಾಡಿಯ ಅಡಿಭಾಗವನ್ನು ಯಾರೂ ನೋಡದೇ ಇರುವ ಸಾಧ್ಯತೆ ಇದೆ. ನೋಡಬೇಕಾದವರು ನೀವೇ.

ಐದನೇ ತಲೆಮಾರಿನ ಹೈಬ್ರಿಡ್‌ನಲ್ಲಿ ಉಪ್ಪು ಇನ್ನೊಂದು ತೊಂದರೆ ತಂದಿತು. ಈ ಗಾಡಿಯಲ್ಲಿ ಹಿಂದಿನ ಚಕ್ರಗಳನ್ನು ತಿರುಗಿಸಲು ಬೇರೆಯೇ ಎಲೆಕ್ಟ್ರಿಕ್ ಮೋಟಾರ್ ಇದೆ. ಅದಕ್ಕೆ ವಿದ್ಯುತ್ ಒಯ್ಯುವ ದಪ್ಪ ಕೇಬಲ್ ಗಾಡಿಯ ಕೆಳಗೆ ಹೋಗುತ್ತದೆ. ಶುರುವಿನ ವರ್ಷಗಳ, ಅಂದರೆ 2019ರಿಂದ 2021ರ ಆಸುಪಾಸಿನ ಗಾಡಿಗಳಲ್ಲಿ, ಆ ಕೇಬಲ್ ಮೋಟಾರಿಗೆ ಕೂಡುವ ಜಾಗದಲ್ಲಿ ಉಪ್ಪುನೀರು ನಿಂತು ತುಕ್ಕು ಹಿಡಿಯಿತು. ಬದಲಿಸಲು ಸಾವಿರಾರು ಡಾಲರ್ ಬೇಕು. ದೂರುಗಳು ಹೆಚ್ಚಿದ ಮೇಲೆ ಟೊಯೋಟಾ ಇದಕ್ಕೆಂದೇ ವಾರಂಟಿಯನ್ನು ಮುಂದುವರಿಸಿತು. ನೀವು ನೋಡುವ ಗಾಡಿಯ ವಿಐಎನ್ ಕೊಟ್ಟು, ಕೇಬಲ್ ಬದಲಾಗಿದೆಯಾ, ವಾರಂಟಿ ಇನ್ನೂ ಇದೆಯಾ ಅಂತ ಟೊಯೋಟಾ ಡೀಲರ್ ಹತ್ತಿರ ಕೇಳಿ. 2019, 2020ರ ಹೈಬ್ರಿಡ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಪೂರ್ತಿ ತುಂಬದ ದೂರೂ ಇತ್ತು.

ಯಾವ ಗಾಡಿಯಾದರೂ ಹೊಸ ತಲೆಮಾರಿನ ಮೊದಲ ಎರಡು ವರ್ಷ ಹೀಗೇ. ತಪ್ಪುಗಳು ಹೊರಬೀಳುವುದು ಜನರ ಕೈಯಲ್ಲಿ. ಕೊನೆಯ ಎರಡು ಮೂರು ವರ್ಷದ ಗಾಡಿಗಳಲ್ಲಿ ಅವೆಲ್ಲ ತಿದ್ದಿರುತ್ತವೆ. ಅದಕ್ಕೇ ನಾನು 2019ರ ಹೊಳೆಯುವ ಗಾಡಿಗಿಂತ 2018ರದ್ದನ್ನು ಆರಿಸುತ್ತೇನೆ. ದುಡ್ಡು ಇದ್ದರೆ 2023ರಿಂದ 2025ರವರೆಗಿನದ್ದು ಇನ್ನೂ ಒಳ್ಳೆಯದು.

ಹೊಸದೇ ಬೇಕು ಅನ್ನುವವರಿಗೆ: 2026ರ ರಾವ್-4ರಲ್ಲಿ ಬರೀ ಪೆಟ್ರೋಲ್ ಗಾಡಿ ಸಿಗುವುದಿಲ್ಲ. ಇರುವುದು ಹೈಬ್ರಿಡ್ ಮತ್ತು ಮನೆಯಲ್ಲಿ ಚಾರ್ಜ್ ಮಾಡುವ ಪ್ಲಗ್-ಇನ್ ಹೈಬ್ರಿಡ್ ಎರಡೇ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಪ್ಲಗ್-ಇನ್‌ನಿಂದ ಅಷ್ಟು ಉಪಯೋಗವಿಲ್ಲ. ಇದೂ ಹೊಸ ತಲೆಮಾರಿನ ಮೊದಲ ವರ್ಷ. ನನ್ನ ಮಾತು ಕೇಳುವುದಾದರೆ ಒಂದೆರಡು ವರ್ಷ ಕಾಯಿರಿ.

ಹೈಬ್ರಿಡ್ ಲೆಕ್ಕ

ಐದನೇ ತಲೆಮಾರಿನ ಪೆಟ್ರೋಲ್ ಗಾಡಿ ಸುಮಾರಾಗಿ ಗ್ಯಾಲನ್‌ಗೆ 30 ಮೈಲಿ ಕೊಡುತ್ತದೆ, ಹೈಬ್ರಿಡ್ 40. ನಮ್ಮ ಲೆಕ್ಕದಲ್ಲಿ ಲೀಟರಿಗೆ ಹತ್ತಿರ ಹತ್ತಿರ 13 ಮತ್ತು 17 ಕಿಲೋಮೀಟರ್. ವರ್ಷಕ್ಕೆ 12,000 ಮೈಲಿ ಓಡಿಸಿದರೆ ಒಂದಕ್ಕೆ 400 ಗ್ಯಾಲನ್, ಇನ್ನೊಂದಕ್ಕೆ 300. ಉಳಿಯುವುದು 100 ಗ್ಯಾಲನ್. ಗ್ಯಾಲನ್‌ಗೆ 3 ಡಾಲರ್ ಅಂತ ಇಟ್ಟುಕೊಂಡರೆ ವರ್ಷಕ್ಕೆ 300 ಡಾಲರ್. ಹೈಬ್ರಿಡ್‌ಗೆ 1,500 ಡಾಲರ್ ಹೆಚ್ಚು ಕೊಟ್ಟರೆ ಅದು ವಾಪಸ್ ಬರಲು ಐದು ವರ್ಷ ಬೇಕು. ಎರಡು ವರ್ಷದ ಪ್ರಾಜೆಕ್ಟಿಗೆ ಬಂದವರು ಇದನ್ನು ಯೋಚಿಸಬೇಕು.

ಹೈಬ್ರಿಡ್ ಬ್ಯಾಟರಿ ಸತ್ತುಹೋಗುತ್ತದೆ ಅನ್ನುವ ಭಯ ಹಲವರಿಗಿದೆ. 2020ರ ಮಾಡೆಲ್‌ನಿಂದ ಟೊಯೋಟಾ ಆ ಬ್ಯಾಟರಿಗೆ 10 ವರ್ಷ ಅಥವಾ 1,50,000 ಮೈಲಿ ವಾರಂಟಿ ಕೊಡುತ್ತದೆ. ಅದಕ್ಕೂ ಮುಂಚಿನವಕ್ಕೆ 8 ವರ್ಷ ಅಥವಾ 1,00,000 ಮೈಲಿ. ಎರಡನೇ ಮಾಲೀಕರಿಗೂ ಅದು ಮುಂದುವರಿಯುತ್ತದೆ. ಬ್ಯಾಟರಿ ತಣ್ಣಗಿರಲು ಗಾಳಿ ಎಳೆಯುವ ಕಿಂಡಿ ಹಿಂದಿನ ಸೀಟಿನ ಬುಡದಲ್ಲಿದೆ. ಮಕ್ಕಳು ತಿಂದು ಚೆಲ್ಲಿದ ಮಂಡಕ್ಕಿ, ಚಕ್ಕುಲಿ ಪುಡಿ, ಮಡಚಿಟ್ಟ ಕಂಬಳಿ ಅದನ್ನು ಮುಚ್ಚದಂತೆ ನೋಡಿಕೊಳ್ಳಿ.

ಇನ್ನೊಂದು ಮಾತು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಹಿಮದಲ್ಲಿ ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ನಿಲ್ಲಿಸುವುದು ಟೈರ್. ಆ ವ್ಯವಸ್ಥೆಗೆ ಹೆಚ್ಚು ದುಡ್ಡು ಕೊಡುವ ಬದಲು ಚಳಿಗಾಲದ ನಾಲ್ಕು ಟೈರ್ ಹಾಕಿಸಿ.

ಅಪ್ಪ ಅಮ್ಮ ಬಂದಾಗ

ರಾವ್-4ರಲ್ಲಿ ಐದೇ ಸೀಟು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ, ಒಟ್ಟು ಆರು ಜನ. ಲೆಕ್ಕ ಅಲ್ಲೇ ತಪ್ಪುತ್ತದೆ. ಎರಡು ಚೈಲ್ಡ್ ಸೀಟಿನ ನಡುವೆ ದೊಡ್ಡವರು ಕೂರುವುದು ಒಂದು ಗಂಟೆಯ ದಾರಿಗೂ ಹಿಂಸೆ. ಪ್ರತಿವರ್ಷ ಅವರು ಆರು ತಿಂಗಳು ಬರುವವರಾದರೆ ಸಿಯೆನ್ನಾದಂಥ ಮಿನಿವ್ಯಾನ್ ನೋಡಿ. ಟ್ರಯಲ್‌ಗೆ ಹೋಗುವಾಗ ನಿಮ್ಮ ಚೈಲ್ಡ್ ಸೀಟುಗಳನ್ನೂ ಊರಿಂದ ತಂದ ದೊಡ್ಡ ಸೂಟ್‌ಕೇಸುಗಳನ್ನೂ ತೆಗೆದುಕೊಂಡು ಹೋಗಿ, ಇಟ್ಟು ನೋಡಿ. ಸಂಕೋಚ ಬೇಡ. ಏರ್‌ಪೋರ್ಟಿನಲ್ಲಿ ನಿಂತಾಗ ಗೊತ್ತಾಗುವುದಕ್ಕಿಂತ ಇದು ವಾಸಿ. ಮಂಡಿನೋವಿರುವ ಅಮ್ಮನಿಗೆ ಈ ಗಾಡಿಯ ಎತ್ತರ ಮಾತ್ರ ಅನುಕೂಲ. ಕಾರಿನಂತೆ ಕುಗ್ಗಿ ಕೂರಬೇಕಿಲ್ಲ.

ದುಡ್ಡು ಕೊಡುವ ದಿನ

ತಿಂಗಳ ಕಂತು ಎಷ್ಟು ಕೊಡುತ್ತೀರಿ ಅಂತ ಡೀಲರ್ ಕೇಳಿದರೆ ಉತ್ತರ ಕೊಡಬೇಡಿ. ತೆರಿಗೆ, ಶುಲ್ಕ ಎಲ್ಲ ಸೇರಿ ಒಟ್ಟು ಎಷ್ಟು ಅನ್ನುವುದನ್ನು ಬರೆದುಕೊಡಲು ಹೇಳಿ. ಇಲ್ಲಿ ಮಾರಾಟ ತೆರಿಗೆ 6 ಶೇಕಡಾ. ಹೊಸಬರಿಗೆ ಕ್ರೆಡಿಟ್ ಹಿಸ್ಟರಿ, ಅಂದರೆ ಇಲ್ಲಿ ಸಾಲ ಪಡೆದು ತೀರಿಸಿದ ದಾಖಲೆ, ಇರುವುದಿಲ್ಲ, ಬಡ್ಡಿ ಜಾಸ್ತಿ ಹೇಳುತ್ತಾರೆ. ಡೀಲರ್ ಹತ್ತಿರ ಹೋಗುವ ಮೊದಲೇ ನಮ್ಮ ಸಹಕಾರಿ ಬ್ಯಾಂಕಿನಂಥ ಒಂದೆರಡು ಕ್ರೆಡಿಟ್ ಯೂನಿಯನ್‌ಗಳಲ್ಲಿ ಸಾಲ ಕೇಳಿ ನೋಡಿ.

ಸೆಕೆಂಡ್ ಹ್ಯಾಂಡ್ ಗಾಡಿಯ ಕಿಟಕಿಗೆ ಡೀಲರ್ ಒಂದು ಹಾಳೆ ಅಂಟಿಸಿರಬೇಕು. ವಾರಂಟಿ ಇದೆಯೋ, "ಆ್ಯಸ್ ಈಸ್" ಅಂದರೆ ಇದ್ದ ಹಾಗೇ ಮಾರುತ್ತಿದ್ದಾರೋ ಅನ್ನುವುದು ಅದರಲ್ಲಿರುತ್ತದೆ. ಸಹಿ ಹಾಕಿದ ಮೇಲೆ ಮೂರು ದಿನದೊಳಗೆ ವಾಪಸ್ ಕೊಡಬಹುದು ಅಂತ ಯಾರೋ ಹೇಳುತ್ತಾರೆ. ಡೀಲರ್ ಅಂಗಡಿಯಲ್ಲಿ ಕೊಂಡ ಗಾಡಿಗೆ ಅಂಥ ಕಾನೂನು ಇಲ್ಲ. ಹಾಗಾಗಿ ಸಹಿಗೆ ಮುಂಚೆಯೇ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಹತ್ತಿರ ಗಾಡಿ ಒಯ್ದು ಎತ್ತಿಸಿ. ನೂರೈವತ್ತು ಡಾಲರ್ ಆದರೂ ಆಗಲಿ. ಒಯ್ಯಲು ಬಿಡುವುದಿಲ್ಲ ಅಂದರೆ ಆ ಗಾಡಿ ಬೇಡ.

ವಿಐಎನ್ ಕೊಟ್ಟು ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತಲೂ ಮೊದಲೇ ಕೇಳಿ. ಮಿಷಿಗನ್‌ನಲ್ಲಿ ಅದು ಬಹಳ ದುಬಾರಿ. ಇಲ್ಲಿನ ನೋ-ಫಾಲ್ಟ್ ಕಾನೂನಿನಲ್ಲಿ, ತಪ್ಪು ಯಾರದ್ದೇ ಇರಲಿ, ಅಪಘಾತದ ಆಸ್ಪತ್ರೆ ಖರ್ಚನ್ನು ಸಾಮಾನ್ಯವಾಗಿ ನಿಮ್ಮ ಗಾಡಿಯ ಇನ್ಶೂರೆನ್ಸೇ ಕೊಡುತ್ತದೆ. 2020ರ ಜುಲೈನಿಂದ ಅದರ ಮಿತಿಯನ್ನು ನಾವೇ ಆರಿಸಬಹುದು. ಕಂತು ಕಡಿಮೆಯಾಗಲಿ ಅಂತ ಸುಮ್ನೆ ಕೆಳಗಿನ ಮಿತಿ ಆರಿಸಬೇಡಿ. ನಿಮ್ಮ ಹೆಲ್ತ್ ಇನ್ಶೂರೆನ್ಸ್ ಗಾಡಿ ಅಪಘಾತಕ್ಕೆ ದುಡ್ಡು ಕೊಡುತ್ತದಾ ಅಂತ ಆಫೀಸಿನಲ್ಲಿ ಕೇಳಿ, ಆಮೇಲೆ ನಿರ್ಧರಿಸಿ.

ಡೀಲರ್ ಇಲ್ಲದೆ ಮಾಲೀಕರಿಂದಲೇ ನೇರವಾಗಿ ಕೊಳ್ಳುವುದಾದರೆ ಇಬ್ಬರೂ ಗಾಡಿ ನೋಂದಣಿ ಮಾಡುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲೇ ಭೇಟಿಯಾಗಿ. ಟೈಟಲ್, ಅಂದರೆ ಗಾಡಿಯ ಒಡೆತನದ ಪತ್ರದ ಮೇಲೆ ಹಳೆಯ ಸಾಲ ಕೊಟ್ಟವರ ಹೆಸರಿದ್ದರೆ ಅದು ತೀರಿದ ಕಾಗದ ಕೇಳಿ. ನಂಬರ್ ಪ್ಲೇಟ್ ಮಾರಿದವರದ್ದೇ, ಅವರು ಬಿಚ್ಚಿಕೊಂಡು ಹೋಗುತ್ತಾರೆ. 15 ದಿನದೊಳಗೆ ಟೈಟಲ್ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಗಾಡಿ ನೋಡಲು ಒಬ್ಬರೇ ಹೋಗಬೇಡಿ. ಕೂಟದ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿ. ಶನಿವಾರ ಬೆಳಗ್ಗೆಯಾದರೆ ನಾನೇ ಬರುತ್ತೇನೆ, ಟಾರ್ಚ್ ತರುತ್ತೇನೆ.