ತುಳು ಸಿನಿಮಾಕ್ಕೆ ಐದು ಹಾಡಿನ ಆಲ್ಬಂ ಮಾಡಿದ್ದು ಹೇಗೆ: ನನ್ನ ಅನುಭವ

ತಾವೇ ಬರೆದು, ಗಿಟಾರ್ ಹಿಡಿದು ಹಾಡುವವರಿಗೆ ಸಿನಿಮಾದಲ್ಲಿ ಮೊದಲು ಕೈಕೊಡುವುದು ಲಯ. ವೇದಿಕೆಯಲ್ಲಿ ಪಲ್ಲವಿ ಎಳೆದು ಚರಣದಲ್ಲಿ ಓಡಿದರೂ ನಡೆಯುತ್ತದೆ. ಸಿನಿಮಾದ ಹಾಡು ಮಾತ್ರ ಶೂಟಿಂಗ್, ಥಿಯೇಟರ್ ಮಿಕ್ಸಿಂಗ್, ಆಲ್ಬಂ ಮೂರಕ್ಕೂ ಹೋಗಬೇಕು. ಹಾಗಾಗಿ ಕ್ಲಿಕ್ (ಹೆಡ್‌ಫೋನಿನಲ್ಲಿ ಲಯ ತೋರಿಸುವ ಟಿಕ್ ಟಿಕ್ ಸದ್ದು) ಇಲ್ಲದೆ ಒಂದು ಸಾಲೂ ರೆಕಾರ್ಡ್ ಮಾಡಲಿಲ್ಲ.

ಟೆಂಪೋ, ಅಂದರೆ ಹಾಡಿನ ವೇಗ, ಆರಿಸುವಾಗ ಒಂದು ಸಣ್ಣ ಲೆಕ್ಕ ಬಹಳ ಉಪಕಾರಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. 90 ಬಿಪಿಎಂ (ನಿಮಿಷಕ್ಕೆ 90 ಬೀಟ್) ಇಟ್ಟರೆ ಒಂದು ಬೀಟ್‌ಗೆ ಸರಿಯಾಗಿ 16 ಫ್ರೇಮ್, 96ಕ್ಕೆ 15, 120ಕ್ಕೆ 12. 94 ಇಟ್ಟರೆ 15.3 ಚಿಲ್ಲರೆ, ಎಡಿಟರ್ ಬೀಟ್ ಮೇಲೆ ಕಟ್ ಹಾಕುತ್ತಾ ಹೋದಂತೆ ಒಂದು ಕಟ್ ಕೂತರೆ ಮುಂದಿನದ್ದು ಕೂರುವುದಿಲ್ಲ. 94ರಲ್ಲೇ ಹಾಡಿಗೆ ಜೀವ ಬರುತ್ತದೆ ಅನ್ನಿಸಿದರೆ ಅದನ್ನೇ ಇಡಿ, ಆದರೆ ಎಡಿಟರಿಗೆ ಮೊದಲೇ ಹೇಳಿ.

ಪ್ರಾಜೆಕ್ಟ್ ಶುರುವಿನಲ್ಲೇ ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್ (ಸೆಕೆಂಡಿಗೆ 48 ಸಾವಿರ ಧ್ವನಿ ಮಾದರಿ), 24 ಬಿಟ್ ಇಟ್ಟೆವು. ಮನೆಯಲ್ಲಿ ಡೆಮೊ ಮಾಡುವವರ ಸಾಫ್ಟ್‌ವೇರ್ ಹೆಚ್ಚಾಗಿ 44.1ರಲ್ಲಿ ಇರುತ್ತದೆ. 48ರ ಫೈಲನ್ನು ಪರಿವರ್ತಿಸದೆ 44.1 ಎಂದು ಓದಿಸಿದರೆ 4 ನಿಮಿಷದ ಹಾಡು 4 ನಿಮಿಷ 21 ಸೆಕೆಂಡ್ ಆಗುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ಇದು ಕಿವಿಗೆ ಕೂಡಲೇ ಗೊತ್ತಾಗುತ್ತದೆ, ಹಾಗಾಗಿ ದೊಡ್ಡ ಅಪಾಯವಲ್ಲ. ಗೊತ್ತಾಗದೇ ಉಳಿಯುವುದು ಸೆಕೆಂಡಿಗೆ 23.976 ಮತ್ತು 24 ಫ್ರೇಮ್ ಎಂಬ ಎರಡು ವೇಗಗಳ ಗೊಂದಲ: ಸಾವಿರದಲ್ಲಿ ಒಂದು ಪಾಲು ವ್ಯತ್ಯಾಸ, 4 ನಿಮಿಷದ ಕೊನೆಗೆ ಹತ್ತಿರ ಹತ್ತಿರ 6 ಫ್ರೇಮ್. ಮೊದಲ ಚರಣದಲ್ಲಿ ತುಟಿ ಸರಿ ಇರುತ್ತದೆ, ಕೊನೆಯದರಲ್ಲಿ ಜಾರಿರುತ್ತದೆ; ಆಗ ಎಲ್ಲರೂ ನಟನನ್ನು ಬೈಯುತ್ತಾರೆ.

ಮಲ್ಪೆ ಕಡಲ ಬದಿ ಶೂಟಿಂಗ್ ಇದ್ದ ಹಾಡಿಗೆ, ನಟರು ತುಟಿ ಆಡಿಸಲು ಅಲ್ಲೇ ಸ್ಪೀಕರಿನಲ್ಲಿ ಹಾಕಲೆಂದು, ಬೇರೆಯೇ ಮಿಕ್ಸ್ ಕೊಟ್ಟೆವು. ಅಲೆಯ ಸದ್ದಿನಲ್ಲಿ ಬೇಸ್ ಕೇಳಿಸುವುದಿಲ್ಲ, ರಿವರ್ಬ್ (ಧ್ವನಿಗೆ ಸೇರಿಸುವ ಅನುರಣನ) ಇದ್ದರೆ ಸಾಹಿತ್ಯ ಕಲಸಿಹೋಗುತ್ತದೆ. ರಿವರ್ಬ್ ಇಲ್ಲದ ಧ್ವನಿ ಮುಂದೆ, ತಾಳ ಗಟ್ಟಿ, ಪ್ರತಿ ಚರಣಕ್ಕೂ ಮೊದಲು ನಾಲ್ಕು ಕ್ಲಿಕ್. ಹಾಡಿನ ಆರಂಭಕ್ಕೆ ಸರಿಯಾಗಿ 2 ಸೆಕೆಂಡ್ ಮೊದಲು ಒಂದು ಫ್ರೇಮಿನಷ್ಟು ಬೀಪ್, ಚಿತ್ರಕ್ಕೂ ಹಾಡಿಗೂ ಹೊಂದಿಸಲು. ಈ ಮಿಕ್ಸ್ ಚಂದ ಇರಬೇಕೆಂದಿಲ್ಲ.

ನಮ್ಮೂರಿನ ಹವೆಯದ್ದೇ ಒಂದು ಅಧ್ಯಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮಾಡಿನ ಕೆಳಗೆ ಧ್ವನಿ ರೆಕಾರ್ಡ್ ಮಾಡುವ ಆಸೆ ಬಿಟ್ಟುಬಿಡಿ ಮಾರಾಯ್ರೇ, ಆ ನಾಲ್ಕು ತಿಂಗಳು ಎಡಿಟಿಂಗ್‌ಗೇ ಸರಿ. ಕಂಡೆನ್ಸರ್ ಮೈಕಿನ ಕ್ಯಾಪ್ಸೂಲಿಗೆ (ಧ್ವನಿ ಹಿಡಿಯುವ ಭಾಗ) ತೇವ ಹಿಡಿದರೆ ಹುರಿಗಡಲೆ ಸಿಡಿದ ಹಾಗೆ ಚಟಚಟ ಸದ್ದು ಬರುತ್ತದೆ. ಕೇಬಲಿನದ್ದೇ ತೊಂದರೆ ಅಂದುಕೊಂಡು ಅದನ್ನು ಬದಲಿಸಿ ಬದಲಿಸಿ ಸುಸ್ತಾಗುವವರೇ ಹೆಚ್ಚು. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಮೈಕ್ ಇಡಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಬೇಕು. ಎಸಿಯನ್ನು ಟೇಕ್‌ಗೆ ಮೊದಲು ಚಾಲೂ ಮಾಡಿ ಕೋಣೆ ಒಣಗಿಸಿ, ಟೇಕ್ ವೇಳೆ ಆಫ್.

ತೇವಕ್ಕೆ ಚರ್ಮ ಸಡಿಲಾಗಿ ಮದ್ದಳೆಯ ಶ್ರುತಿ ಇಳಿಯುತ್ತದೆ. ಹಾರ್ಮೋನಿಯಂ ಅದಕ್ಕೆ ಬಗ್ಗುವುದಿಲ್ಲ. ಆದ್ದರಿಂದ ಎರಡೆರಡು ಟೇಕ್‌ಗೆ ಒಮ್ಮೆ ಟ್ಯೂನರ್ ಹಿಡಿದು ನೋಡಿದೆವು. ಕಂಪ್ಯೂಟರಿನಲ್ಲಿ ಆಮೇಲೆ ಎತ್ತಿದರೆ ಪೆಟ್ಟಿನ ಮೊನೆ ಹೋಗುತ್ತದೆ. ಚೆಂಡೆಯನ್ನು ಎಲ್ಲರ ಜೊತೆ ಕೂರಿಸಬೇಡಿ, ಉಳಿದ ಎಲ್ಲಾ ಮೈಕಿಗೂ ನುಗ್ಗುತ್ತದೆ. ಪ್ರತ್ಯೇಕವಾಗಿ, ಡೈನಮಿಕ್ ಮೈಕ್ ಮೂರು ನಾಲ್ಕು ಅಡಿ ದೂರ ಇಟ್ಟು, ಪೀಕ್ (ಸದ್ದಿನ ಗರಿಷ್ಠ ಮಟ್ಟ) ಮೈನಸ್ 10 ಡೆಸಿಬೆಲ್ ದಾಟದಂತೆ ಗೇನ್ (ಮೈಕಿನ ಸದ್ದು ಏರಿಸುವ ಪ್ರಮಾಣ) ಇಡಿ.

ತುಳು ಹಾಡಿನಲ್ಲಿ ಇನ್ನೊಂದು ಸೂಕ್ಷ್ಮ. ‘ಯಾನ್ ಪೋಪೆ’ (ನಾನು ಹೋಗುತ್ತೇನೆ), ‘ಆಯೆ ಪೋಪೆ’ (ಅವನು ಹೋಗುತ್ತಾನೆ) ಎರಡರಲ್ಲೂ ಕೊನೆಯ ಅಕ್ಷರ ಕನ್ನಡ ಲಿಪಿಯಲ್ಲಿ ಒಂದೇ. ಉಚ್ಚಾರ ಬೇರೆ: ನಾನು ಹೋಗುವಾಗ ಬಾಯಿ ಅಗಲ ತೆರೆಯುತ್ತದೆ, ಅವನು ಹೋಗುವಾಗ ಇಲ್ಲ. ಹೊರಗಿನ ಗಾಯಕರು ಹಾಳೆ ನೋಡಿ ಹಾಡಿ ಆ ‘ಪೆ’ಯನ್ನು ನಾಲ್ಕು ಮಾತ್ರೆ ಎಳೆದರೆ ಹಾಡಿನಲ್ಲಿ ಹೊರಟವನೇ ಬದಲಾಗುತ್ತಾನೆ. ಸಾಹಿತ್ಯದ ಹಾಳೆಯಲ್ಲಿ ಅಂಥ ಅಕ್ಷರದ ಕೆಳಗೆ ಗೆರೆ ಎಳೆದು, ಗೈಡ್ ಟ್ರ್ಯಾಕ್ (ಗಾಯಕರಿಗೆ ಮಾದರಿಯಾಗಿ ಹಾಡಿದ ರೆಕಾರ್ಡಿಂಗ್) ಜೊತೆಗೇ ಕಳಿಸಿದೆವು.

ಮಿಕ್ಸಿಂಗ್ ಎಂಜಿನಿಯರಿಗೆ ಹೋಗುವ ಸ್ಟೆಮ್‌ಗಳು (ಹಾಡಿನ ಒಂದೊಂದು ಭಾಗದ ಪ್ರತ್ಯೇಕ ಫೈಲುಗಳು) ಆರು: ಮುಖ್ಯ ಧ್ವನಿ, ಕೋರಸ್, ತಾಳವಾದ್ಯ, ಬೇಸ್, ಗಿಟಾರ್ ಮತ್ತು ಕೀಬೋರ್ಡ್, ಉಳಿದದ್ದು. ಎಲ್ಲವೂ ಒಂದೇ ಸೊನ್ನೆಯಿಂದ ಶುರುವಾಗಿ ಒಂದೇ ಉದ್ದ ಇರಬೇಕು, ಮಾಸ್ಟರ್‌ನಲ್ಲಿ ಲಿಮಿಟರ್ (ಸದ್ದು ಮಿತಿ ದಾಟದಂತೆ ತಡೆಯುವ ಸಾಧನ) ಇರಬಾರದು, ಪೀಕ್ ಮೈನಸ್ 6 ಡೆಸಿಬೆಲ್ ಆಸುಪಾಸು. ಧ್ವನಿಯ ರಿವರ್ಬ್ ಬೇರೆ ಫೈಲು, ಯಾಕೆಂದರೆ ಥಿಯೇಟರಿನಲ್ಲಿ ಧ್ವನಿ ನಡು ಸ್ಪೀಕರಿಗೂ ರಿವರ್ಬ್ ಪಕ್ಕಕ್ಕೂ ಹೋಗುತ್ತದೆ. ಆಲ್ಬಂ ಮಾಸ್ಟರ್ ಮೈನಸ್ 14 ಲಫ್ಸ್ (LUFS, ಹಾಡಿನ ಒಟ್ಟಾರೆ ಜೋರಿನ ಅಳತೆ), ಟ್ರೂ ಪೀಕ್ ಮೈನಸ್ 1 ಡೆಸಿಬೆಲ್. ಇನ್ನೂ ಜೋರು ಮಾಡಿದರೆ ಸ್ಪಾಟಿಫೈ ತಾನೇ ತಗ್ಗಿಸುತ್ತದೆ.

ಮುಖಪುಟ 3000 x 3000 ಪಿಕ್ಸೆಲ್. ಐಎಸ್‌ಆರ್‌ಸಿ (ಪ್ರತಿ ರೆಕಾರ್ಡಿಂಗಿಗೆ ಕೊಡುವ ಗುರುತಿನ ಸಂಕೇತ) ಅಕ್ಷರ, ಅಂಕಿ ಸೇರಿ 12ರದ್ದು. ಕರೋಕೆಗೆ ಬೇರೆಯೇ ಬೇಕು. ಕರಾರು ಸಹಿ ಹಾಕುವ ಮೊದಲು ಸಾಹಿತ್ಯ, ಸಂಗೀತ, ಗಾಯನ ಮೂರನ್ನೂ ಬೇರೆ ಬೇರೆ ಸಾಲಾಗಿ ಬರೆಸಿ, ಒಬ್ಬರೇ ಮಾಡಿದ್ದರೂ ಸಹ. 2012ರ ಕಾಪಿರೈಟ್ ತಿದ್ದುಪಡಿ ಪ್ರಕಾರ ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಕೇಳಿಸುವುದನ್ನು ಬಿಟ್ಟು ಉಳಿದ ಬಳಕೆಯ ರಾಯಲ್ಟಿಯನ್ನು ಸಾಹಿತಿ, ಸಂಯೋಜಕರು ಬಿಟ್ಟುಕೊಡುವಂತಿಲ್ಲ. ಸಾಹಿತಿ, ಸಂಯೋಜಕರ ರಾಯಲ್ಟಿ ಸಂಗ್ರಹಿಸುವ ಸಂಸ್ಥೆ ಐಪಿಆರ್‌ಎಸ್‌ನಲ್ಲಿ ಸದಸ್ಯರಾದ ಮೇಲೂ ಪ್ರತಿ ಹಾಡನ್ನು ಒಂದೊಂದಾಗಿ ನೋಂದಾಯಿಸಬೇಕು.