ದುಬಾರಿ ಆಂಪ್ಲಿಫೈಯರ್‌ಗೆ ಮುಂಗಡ ಕೊಡುವ ಮೊದಲು ಮೀಟರ್ ಹಿಡಿಯಿರಿ

ಹನ್ನೆರಡು ಅಡಿ ಅಗಲ, ಹದಿನಾರು ಅಡಿ ಉದ್ದದ ಹಾಲು. ಕೆಳಗೆ ಶಹಾಬಾದ್ ಫರ್ಶಿ, ಮೇಲೆ ಆರ್‌ಸಿಸಿ. ಸ್ಪೀಕರ್‌ನಿಂದ ಮೂರು ಮೀಟರ್ ದೂರದಲ್ಲಿ ಸೋಫಾ. ಕಲಬುರಗಿಯ ಬಹಳಷ್ಟು ಮನೆಗಳ ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ಸ್ಪೀಕರ್‌ನ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಅದು ಕೊಡುವ ಸದ್ದು, 87 ಡೆಸಿಬಲ್ ಇದ್ದರೆ, ಎರಡೂ ಸ್ಪೀಕರ್‌ಗೆ ಒಂದೊಂದು ವ್ಯಾಟ್ ಕೊಟ್ಟಾಗ ಸೋಫಾದ ಹತ್ತಿರ ಸುಮಾರು 84 ಡೆಸಿಬಲ್ ಸದ್ದು ಸಿಗುತ್ತದೆ. ಮನೆಮಂದಿ ಆರಾಮವಾಗಿ ಹಾಡು ಕೇಳುವುದು 75ರ ಆಸುಪಾಸಿನಲ್ಲಿ. ಅದಕ್ಕೆ ಬೇಕಾದದ್ದು ವ್ಯಾಟಿನ ಎಂಟನೆಯ ಒಂದು ಭಾಗ. ತಬಲಾದ ಪೆಟ್ಟು ಸರಾಸರಿಗಿಂತ 20 ಡೆಸಿಬಲ್ ಮೇಲೇರಿದರೂ ಆ ಕ್ಷಣಕ್ಕೆ 13 ವ್ಯಾಟ್ ಸಾಕು.

ಹೀಗಿರುವಾಗ ಮೂವತ್ತು ಸಾವಿರ ರೂಪಾಯಿಯ 50 ವ್ಯಾಟಿನ ಆಂಪ್ (ಆಂಪ್ಲಿಫೈಯರ್, ಅಂದರೆ ಸ್ಪೀಕರ್‌ಗೆ ಶಕ್ತಿ ಕೊಡುವ ಪೆಟ್ಟಿಗೆ) ಬಿಟ್ಟು ಮೂರು ಲಕ್ಷದ 150 ವ್ಯಾಟಿನದು ತಂದರೆ ಸಿಗುವುದೇನು? ಐದು ಡೆಸಿಬಲ್‌ಗಿಂತ ಕಡಿಮೆ ಹೆಚ್ಚುವರಿ ಅವಕಾಶ, ಅದೂ ನೀವು ಅಷ್ಟು ಜೋರಾಗಿ ಹಾಕಿದರೆ ಮಾತ್ರ. ವ್ಯಾಟ್ ದುಪ್ಪಟ್ಟಾದರೆ ಏರುವುದು ಬರೀ ಮೂರು ಡೆಸಿಬಲ್. ಕಿವಿಗೆ ಸದ್ದು ಎರಡು ಪಟ್ಟು ಅನ್ನಿಸಬೇಕಾದರೆ ವ್ಯಾಟ್ ಹತ್ತು ಪಟ್ಟು ಬೇಕು.

ಇದು ಅಂದಾಜು. ನಿಮ್ಮ ಮನೆಯ ನಿಜವಾದ ಅಂಕಿ ತಿಳಿಯಲು ಸಾದಾ ಡಿಜಿಟಲ್ ಮಲ್ಟಿಮೀಟರ್ ಮತ್ತು ಅರ್ಧ ಗಂಟೆ ಸಾಕು.

ಎಷ್ಟು ವ್ಯಾಟ್ ಬಳಸುತ್ತಿದ್ದೀರಿ, ಅಳೆಯುವ ಬಗೆ

ಮೊದಲು ಒಂದು ಟೋನ್ ಫೈಲ್, ಅಂದರೆ ಒಂದೇ ಸ್ವರ ಎಡೆಬಿಡದೆ ನುಡಿಯುವ ಫೈಲ್, ಮಾಡಿಕೊಳ್ಳಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಸೈನ್ ಟೋನ್, 50 ಹರ್ಟ್ಝ್, ಆಂಪ್ಲಿಟ್ಯೂಡ್ 0.25, ಅವಧಿ ಒಂದು ನಿಮಿಷ ಎಂದು ಕೊಟ್ಟು ವೇವ್ ಫೈಲ್ ಆಗಿ ಉಳಿಸಿ. 0.25 ಅಂದರೆ ಪೂರ್ಣ ಮಟ್ಟದ ಕಾಲು ಭಾಗ, ಅಂದರೆ 12 ಡೆಸಿಬಲ್ ಕೆಳಗೆ. 50 ಹರ್ಟ್ಝ್ ಯಾಕೆಂದರೆ ಅಗ್ಗದ ಮೀಟರ್‌ಗಳು ಮನೆಯ ಕರೆಂಟ್ ಅಳೆಯಲೆಂದೇ ಮಾಡಿದಂಥವು, ಆ ತರಂಗದಲ್ಲಿ ಸರಿಯಾಗಿ ತೋರಿಸುತ್ತವೆ.

1. ಟೋನ್ ಕಂಟ್ರೋಲ್‌ಗಳನ್ನು ಮಧ್ಯಕ್ಕೆ ತನ್ನಿ, ಲೌಡ್‌ನೆಸ್ ಗುಂಡಿ ಆಫ್ ಮಾಡಿ. ನೀವು ಅತಿ ಜೋರಾಗಿ ಕೇಳುವ ಹಾಡು ಹಾಕಿ, ಇದಕ್ಕಿಂತ ಮೇಲೆ ಎಂದೂ ಹೋಗಲ್ಲ ಅನ್ನುವಲ್ಲಿ ವಾಲ್ಯೂಮ್ ನಿಲ್ಲಿಸಿ. ಮತ್ತೆ ಅದನ್ನು ಮುಟ್ಟಬೇಡಿ.

2. ಆಂಪ್ ಆಫ್ ಮಾಡಿ ಎರಡೂ ಸ್ಪೀಕರ್ ವೈರ್ ಬಿಚ್ಚಿ, ತುದಿಗಳು ಒಂದಕ್ಕೊಂದು ತಾಗದಂತೆ ಇಟ್ಟು ಮತ್ತೆ ಆನ್ ಮಾಡಿ. ಕೆಲವು ಆಂಪ್‌ಗಳು ಆನ್ ಆದಾಗ ವಾಲ್ಯೂಮ್ ಇಳಿಸಿಬಿಡುತ್ತವೆ, ಗಮನಿಸಿ. ವಾಲ್ವ್ (ಗಾಜಿನ ಕೊಳವೆಯ) ಆಂಪ್ ಇದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಸ್ಪೀಕರ್ ಇಲ್ಲದೆ ಚಾಲೂ ಮಾಡಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು.

3. ಅದೇ ಫೋನ್ ಅಥವಾ ಪ್ಲೇಯರ್‌ನಿಂದ, ಅದೇ ಮಟ್ಟದಲ್ಲಿ ಟೋನ್ ಹಾಕಿ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಒಂದೇ ಚಾನೆಲ್‌ನ ಕೆಂಪು ಮತ್ತು ಕಪ್ಪು ಟರ್ಮಿನಲ್‌ಗೆ ಹಿಡಿಯಿರಿ.

4. ಟೋನ್ ಪೂರ್ಣ ಮಟ್ಟದ ಕಾಲು ಭಾಗದ್ದಾದ್ದರಿಂದ ಬಂದ ಅಂಕಿಯನ್ನು 4ರಿಂದ ಗುಣಿಸಿ, ವರ್ಗ ಮಾಡಿ, ಸ್ಪೀಕರ್‌ನ ಓಮ್‌ನಿಂದ (ವಿದ್ಯುತ್ ರೋಧದ ಅಳತೆ) ಭಾಗಿಸಿ.

ಮೀಟರ್ 1.8 ವೋಲ್ಟ್ ತೋರಿಸಿತು ಅನ್ನಿ. ನಾಲ್ಕರಿಂದ ಗುಣಿಸಿದರೆ 7.2, ಅದರ ವರ್ಗ 51.8, ಎಂಟು ಓಮ್‌ನಿಂದ ಭಾಗಿಸಿದರೆ ಆರೂವರೆ ವ್ಯಾಟ್. ನಿಮ್ಮ ಅತಿ ಜೋರಿನ ಹಾಡಿನ ಅತಿ ಎತ್ತರದ ಪೆಟ್ಟಿಗೂ ಇಷ್ಟೇ ಬೇಕು. ಈಗಿರುವುದು 50 ವ್ಯಾಟ್ ಆಗಿದ್ದರೆ ಶಕ್ತಿಯ ಹೆಸರಿನಲ್ಲಿ ಹೊಸದು ಕೊಳ್ಳಲು ಕಾರಣವಿಲ್ಲ. 40 ಬಂದರೆ ಅಂಚಿನಲ್ಲಿದ್ದೀರಿ. ಈಗಿನ ಆಂಪ್‌ನ ವ್ಯಾಟ್ ಅಳತೆಗಿಂತ ಹೆಚ್ಚು ಬಂದರೆ ಆಂಪ್ ಆಗಲೇ ಕ್ಲಿಪ್ ಆಗುತ್ತಿದೆ, ಅಂದರೆ ಶಕ್ತಿ ಸಾಲದೆ ತರಂಗದ ತುದಿಗಳನ್ನು ಕತ್ತರಿಸುತ್ತಿದೆ. ಜೋರು ಜಾಗದಲ್ಲಿ ದನಿ ಗಡುಸಾಗಿ, ಒಡೆದಂತೆ ಕೇಳುವುದು ಅದರಿಂದಲೇ. ಆಗ ದೊಡ್ಡ ಆಂಪ್ ಕೊಂಡರೆ ನ್ಯಾಯ.

ಸಬ್‌ವೂಫರ್ (ಬಾಸ್‌ಗೆಂದೇ ಇರುವ ಸ್ಪೀಕರ್) ಜೋಡಿಸಿ ಕ್ರಾಸ್‌ಓವರ್ (ಬಾಸ್ ಬೇರ್ಪಡಿಸಿ ಅದಕ್ಕೆ ಕಳಿಸುವ ವ್ಯವಸ್ಥೆ) ಹಾಕಿದ್ದರೆ 50 ಹರ್ಟ್ಝ್ ಮುಖ್ಯ ಸ್ಪೀಕರ್‌ಗೆ ಹೋಗುವುದೇ ಇಲ್ಲ, ಮೀಟರ್ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಅಂಥಲ್ಲಿ 200 ಹರ್ಟ್ಝ್ ಟೋನ್ ಬಳಸಿ. ಆ್ಯಪ್‌ನಲ್ಲಿ ಎಲ್ಲ ಹಾಡಿನ ಸದ್ದನ್ನೂ ಸಮ ಮಾಡುವ ಸೌಲಭ್ಯ ಆನ್ ಇದ್ದರೂ ಲೆಕ್ಕ ತಪ್ಪುತ್ತದೆ.

ಫರ್ಶಿ, ಗೋಡೆ, ಕೌದಿ

ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ‘ಟರ್ರ್’ ಎಂದು ಬಾಲದಂತೆ ಸದ್ದು ಉಳಿದರೆ, ಎಷ್ಟು ಲಕ್ಷದ ಆಂಪ್ ತಂದರೂ ಆ ಬಾಲ ಹಾಡಿಗೆ ಅಂಟಿಕೊಂಡೇ ಬರುತ್ತದೆ. ನಯವಾದ ಫರ್ಶಿ, ಗಾರೆ ಗೋಡೆ, ಗಾಜಿನ ಶೋಕೇಸ್, ಎಲ್ಲವೂ ದನಿಯನ್ನು ವಾಪಸ್ ಎಸೆಯುವಂಥವೇ. ತಾನಪುರದ ಮೇಲಿನ ಸ್ವರಗಳು ಕಲಸಿಕೊಂಡಂತೆ ಕೇಳುತ್ತಿದ್ದರೆ ಅನುಮಾನ ಕೋಣೆಯ ಮೇಲೆ ಮೊದಲು ಬರಬೇಕು, ಆಂಪ್ ಮೇಲೆ ಆಮೇಲೆ.

ಸ್ಪೀಕರ್ ಮತ್ತು ಸೋಫಾ ನಡುವಿನ ನೆಲಕ್ಕೆ ದಪ್ಪ ಜಮಖಾನ ಹಾಸಿ. ಸೋಫಾ ಹಿಂದಿನ ಗೋಡೆಗೆ ನಾಲ್ಕೈದು ಪದರಿನ ಕೌದಿಯನ್ನು, ಗೋಡೆಗೆ ಒತ್ತದೆ ಎರಡು ಇಂಚು ಬಿಟ್ಟು ತೂಗುಹಾಕಿ. ಆ ಸಂದು ಇದ್ದರೆ ಇನ್ನಷ್ಟು ಕೆಳಗಿನ ಸ್ವರಗಳನ್ನೂ ಅದು ಹೀರುತ್ತದೆ. ಬದಿಯ ಗೋಡೆಗೆ ಯಾರಾದರೂ ಕನ್ನಡಿ ಸರಿಸುತ್ತಾ ಹೋಗಲಿ. ಸೋಫಾದಲ್ಲಿ ಕೂತ ನಿಮಗೆ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿ ಪುಸ್ತಕದ ಕಪಾಟು ಇಡಿ. ಬಾಸ್ ಗುಮ್ಮೆನ್ನುತ್ತಿದ್ದರೆ ಸ್ಪೀಕರನ್ನು ಮೂಲೆಯಿಂದ ಒಂದೊಂದು ಅಡಿ ಈಚೆ ತನ್ನಿ. ಇಷ್ಟಕ್ಕೆ ಖರ್ಚು ಎರಡು ಮೂರು ಸಾವಿರ ದಾಟಲಾರದು. ಇದರಿಂದ ಆಗುವ ಬದಲಾವಣೆ ಆಂಪ್ ಬದಲಿಸಿದಾಗಿನದಕ್ಕಿಂತ ದೊಡ್ಡದು. ನೀವು ಕೇಳುವುದು ಹೆಚ್ಚಾಗಿ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣಗಳಾಗಿದ್ದರೆ, ಅವುಗಳ ಟೇಪಿನ ಸುಯ್ಯೆನ್ನುವ ಸದ್ದನ್ನು ಯಾವ ಆಂಪೂ ತೆಗೆಯಲಾರದು.

ಕರಪತ್ರ ಓದುವಾಗ

ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಉಬ್ಬಿಸಿದ) ಅಂಕಿ ಕಂಡರೆ ಹಾಳೆ ಮಡಚಿಬಿಡಿ. ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ಶಕ್ತಿ) ಎಂದಿದ್ದರೂ ಷರತ್ತು ನೋಡಬೇಕು: ‘8 ಓಮ್, ಎರಡೂ ಚಾನೆಲ್ ಒಟ್ಟಿಗೆ, 20ರಿಂದ 20,000 ಹರ್ಟ್ಝ್, 0.1 ಶೇಕಡಾಕ್ಕಿಂತ ಕಡಿಮೆ ವಿಕಾರ’ ಎಂದಿದ್ದರೆ ನಂಬಬಹುದಾದ ಅಳತೆ. ‘6 ಓಮ್, ಒಂದು ಚಾನೆಲ್, 1,000 ಹರ್ಟ್ಝ್, 10 ಶೇಕಡಾ ವಿಕಾರ’ ಎಂದಿದ್ದರೆ ಅದೇ ಆಂಪ್ ಎರಡರಷ್ಟು ಬಲಶಾಲಿಯಂತೆ ತೋರುತ್ತದೆ. ಅಮೆರಿಕದಲ್ಲಿ ಈ ಆಟ ಅತಿಯಾಗಿದ್ದಕ್ಕೇ 1974ರಲ್ಲಿ ಅಲ್ಲಿನ ವಾಣಿಜ್ಯ ಆಯೋಗ ಆಂಪ್ ಅಳತೆಗೆಂದೇ ನಿಯಮ ತರಬೇಕಾಯಿತು.

ಡ್ಯಾಂಪಿಂಗ್ ಫ್ಯಾಕ್ಟರ್ (ಸ್ಪೀಕರ್‌ನ ಓಮನ್ನು ಅದರ ಹಿಂದಿನ ರೋಧದಿಂದ ಭಾಗಿಸಿದ ಅಂಕಿ, ಸ್ಪೀಕರ್ ಮೇಲಿನ ಹಿಡಿತದ ಅಳತೆ) 500 ಎಂದು ಕೊಚ್ಚಿಕೊಳ್ಳುವ ಆಂಪ್‌ಗಳಿವೆ. ಐದು ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದರೆ ಹೋಗಿಬರುವ ದಾರಿಯ ರೋಧವೇ 0.115 ಓಮ್. ಎಂಟು ಓಮ್ ಸ್ಪೀಕರ್‌ಗೆ ಆ ವೈರ್ ಒಂದೇ ಫ್ಯಾಕ್ಟರನ್ನು 70ಕ್ಕೆ ಇಳಿಸುತ್ತದೆ, ಆಂಪ್ ಎಂಥದೇ ಇರಲಿ. 2.5 ಚದರ ಮಿಲಿಮೀಟರ್ ಮಲ್ಟಿಸ್ಟ್ರ್ಯಾಂಡ್ ವೈರ್ ಹಾಕಿದರೆ 115 ಆಗುತ್ತದೆ, ಮನೆಗೆ ಧಾರಾಳ. ಸಾವಿರಾರು ರೂಪಾಯಿಯ ಸ್ಪೀಕರ್ ಕೇಬಲ್ ಬೇಡ.

ಅಂಗಡಿಯ ಕಿವಿ, ಮನೆಯ ಕಿವಿ

ಡೆಮೊ ಕೇಳಲು ಇಲ್ಲಿನವರು ಹೆಚ್ಚಾಗಿ ಹೈದರಾಬಾದಿಗೆ ಹೋಗಬೇಕಾಗುತ್ತದೆ. ಅಲ್ಲಿ ಒಂದು ಆಂಪ್ ಇನ್ನೊಂದಕ್ಕಿಂತ ಅರ್ಧ ಡೆಸಿಬಲ್ ಜೋರಾಗಿದ್ದರೂ ಸಾಕು, ‘ಜೋರು’ ಅನ್ನಿಸುವುದಿಲ್ಲ, ‘ಸ್ಪಷ್ಟ’ ಅನ್ನಿಸುತ್ತದೆ. ಮಾರುವವರು ಬೇಕೆಂದೇ ಮಾಡಿರಬೇಕಿಲ್ಲ. ಮೀಟರ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಅದೇ ಟೋನ್ ಹಾಕಿ ಸ್ಪೀಕರ್ ಟರ್ಮಿನಲ್‌ನಲ್ಲಿ ಒಂದು 2.00 ವೋಲ್ಟ್ ಇದ್ದರೆ ಇನ್ನೊಂದು 1.98ರಿಂದ 2.02ರ ಒಳಗೆ ಬರುವಂತೆ ವಾಲ್ಯೂಮ್ ಹೊಂದಿಸಿ.

ಮನೆಯಲ್ಲಿ ಗೆಳೆಯರ ಆಂಪ್ ಎರವಲು ಸಿಕ್ಕರೆ ಇನ್ನೂ ಒಳ್ಳೆಯದು. ಎರಡನ್ನೂ ಬಟ್ಟೆಯ ಹಿಂದೆ ಇಡಿ. ಪ್ಲಸ್, ಮೈನಸ್ ಎರಡನ್ನೂ ಕಡಿದು ಬದಲಿಸುವ ಸ್ಪೀಕರ್ ಸೆಲೆಕ್ಟರ್ ಸ್ವಿಚ್ ಬೇಕು. ಎರಡು ಆಂಪ್‌ಗಳ ಔಟ್‌ಪುಟ್ ಕ್ಷಣಮಾತ್ರ ತಾಗಿದರೂ ಒಂದು ಸುಡಬಹುದು. ಇನ್ನೊಬ್ಬರು ನಾಣ್ಯ ಚಿಮ್ಮಿ ಹತ್ತು ಸಲ ಆಯ್ಕೆ ಮಾಡಲಿ, ನೀವು ಯಾವುದೆಂದು ಬರೆದಿಡಿ. ಹತ್ತರಲ್ಲಿ ಒಂಬತ್ತು ಸರಿಯಾದರೆ ವ್ಯತ್ಯಾಸ ಕೇಳಿಸುತ್ತಿದೆ ಎನ್ನಬಹುದು. ಬರೀ ಊಹೆಯಿಂದ ಅಷ್ಟು ಸರಿಯಾಗುವ ಸಾಧ್ಯತೆ ನೂರಕ್ಕೆ ಒಂದು. ಆರೇಳು ಸರಿಯಾದರೆ ಅದು ನಾಣ್ಯದ ಕೆಲಸ. 1985ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕದ ಎಂಜಿನಿಯರ್ ತನ್ನ ಅಗ್ಗದ ಆಂಪನ್ನು ಬಹು ದುಬಾರಿ ಆಂಪ್ ಒಂದಕ್ಕೆ ಹೊಂದುವಂತೆ ತಿದ್ದಿ, ಪತ್ರಿಕೆಯೊಂದರ ಪಳಗಿದ ಕೇಳುಗರೂ ಎರಡನ್ನು ಬೇರೆ ಮಾಡಲಾಗದಂತೆ ಮಾಡಿ ತೋರಿಸಿದ್ದ.

ಬಿಸಿಲು, ವೋಲ್ಟೇಜ್, ಅರ್ಥಿಂಗ್

ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುವ ಊರಿದು. ಆಂಪ್‌ನೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಬಾಳಿಕೆ ಪ್ರತಿ ಹತ್ತು ಡಿಗ್ರಿ ಬಿಸಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಚಾನೆಲ್‌ಗೆ 30 ವ್ಯಾಟ್ ಕೊಡುವ ಕ್ಲಾಸ್ ಎ (ಒಳಗೆ ಸದಾ ಪೂರ್ತಿ ಕರೆಂಟ್ ಹರಿಯುವ ಬಗೆಯ) ಆಂಪ್ ಹಾಡದೆ ಸುಮ್ಮನೆ ಕೂತಾಗಲೂ ಕನಿಷ್ಠ 120 ವ್ಯಾಟ್ ಬಿಸಿ ಹೊರಹಾಕುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ಯಾದಗಿರಿ ಮನೆಗಳಿಗೆ ಅದು ಸಣ್ಣ ಹೀಟರ್ ಇಟ್ಟಂತೆ. ಕ್ಲಾಸ್ ಎಬಿ ನಡೆಯುತ್ತದೆ, ಕ್ಲಾಸ್ ಡಿ ಇನ್ನೂ ತಂಪು. ಯಾವುದೇ ಆದರೂ ಮೇಲೆ ಒಂದು ಗೇಣು ಖಾಲಿ ಬಿಡಿ, ಟಿವಿ ಕಪಾಟಿನೊಳಗೆ ತುರುಕಬೇಡಿ. ಧೂಳು ಹೀಟ್‌ಸಿಂಕ್‌ಗೆ ಕಂಬಳಿ ಹೊದಿಸಿದಂತೆ ಕೂರುತ್ತದೆ; ವರ್ಷಕ್ಕೆರಡು ಸಲ ಪ್ಲಗ್ ಕಿತ್ತು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ.

ವೋಲ್ಟೇಜ್ 190ಕ್ಕೆ ಇಳಿದರೆ 100 ವ್ಯಾಟಿನ ಸಾದಾ ಟ್ರಾನ್ಸ್‌ಫಾರ್ಮರ್ ಆಂಪ್ ಸುಮಾರು 68 ವ್ಯಾಟ್ ಕೊಡುತ್ತದೆ. ನಷ್ಟ ಎರಡು ಡೆಸಿಬಲ್‌ಗೂ ಕಡಿಮೆ, ತಲೆಕೆಡಿಸಿಕೊಳ್ಳಬೇಕಿಲ್ಲ. ಕೊಲ್ಲುವುದು ಏರಿಕೆ. ನ್ಯೂಟ್ರಲ್ ಕಡಿದಾಗ 230ರ ಲೈನಿನಲ್ಲಿ 400ರ ಹತ್ತಿರ ಬರಬಹುದು, ಆಗ ಬೆಲೆ ನೋಡಿ ಯಾವ ಆಂಪೂ ಉಳಿಯುವುದಿಲ್ಲ. ಏರಿದರೂ ಇಳಿದರೂ ಕಡಿಯುವ ವೋಲ್ಟೇಜ್ ಪ್ರೊಟೆಕ್ಟರನ್ನು ಬೋರ್ಡಿನಲ್ಲೇ ಹಾಕಿಸಿ. ಇನ್ವರ್ಟರ್ ಮೇಲೆ ನಡೆಸುವುದಾದರೆ ಸೈನ್ ವೇವ್‌ನದೇ ಇರಲಿ. ಸ್ಕ್ವೇರ್ ವೇವ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಗುರ್ರೆನ್ನುತ್ತದೆ.

‘ಗುಂಯ್’ ಸದ್ದಿಗೆ ಹೆದರಿ ಆಂಪ್ ಬದಲಿಸುವವರೂ ಇದ್ದಾರೆ. ಮೊದಲು ಸೆಟ್‌ಟಾಪ್ ಬಾಕ್ಸ್‌ನ ಡಿಶ್ ಕೇಬಲ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಅರ್ಥ್ ಎರಡು ಕಡೆಯಿಂದ ಸೇರಿ ಆದ ಸುತ್ತು. ನಿಲ್ಲದಿದ್ದರೆ ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆಯಿರಿ, ಎರಡು ಮೂರು ವೋಲ್ಟ್ ಮೀರಿದರೆ ವೈರಿಂಗ್‌ನವರನ್ನು ಕರೆಸಿ. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ಸೋಲುತ್ತದೆ. ಅರ್ಥ್ ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ಸದ್ದು ನಿಲ್ಲಿಸಲೆಂದು ಪ್ಲಗ್‌ನ ಮೂರನೆಯ ಕಾಲು ಕತ್ತರಿಸುವವರ ಮಾತು ಕೇಳಬೇಡಿ, ಲೋಹದ ಪೆಟ್ಟಿಗೆಗೆ ಕರೆಂಟ್ ಬಂದರೆ ಜೀವ ಹೋಗುತ್ತದೆ.

ದುಡ್ಡು ಕೊಡಬಹುದಾದ ಸಂದರ್ಭ

ಸ್ಪೀಕರ್ 4 ಓಮ್‌ನದು, ಒಳಗೆ 3ಕ್ಕೂ ಇಳಿಯುವಂಥದು, ಸೆನ್ಸಿಟಿವಿಟಿ 83–84, ಪಡಸಾಲೆ ದೊಡ್ಡದು: ಇವು ಕೂಡಿ ಬಂದರೆ ಗಟ್ಟಿ ಪವರ್ ಸಪ್ಲೈ ಇರುವ ಆಂಪ್ ಬೇಕೇ ಬೇಕು. ಅಗ್ಗದ್ದು ಅಲ್ಲಿ ಕಾದು ಪ್ರೊಟೆಕ್ಷನ್‌ಗೆ ಹೋಗಿ ಕಟ್ ಆಗುತ್ತದೆ. ಕೋಣೆಗೆ ತಕ್ಕಂತೆ ಬಾಸ್ ತಿದ್ದುವ ರೂಮ್ ಕರೆಕ್ಷನ್, ಸಬ್‌ವೂಫರ್‌ಗೆ ನಿಜವಾದ ಕ್ರಾಸ್‌ಓವರ್, ರೆಕಾರ್ಡ್ ಪ್ಲೇಯರ್‌ಗೆ ಒಳ್ಳೆಯ ಫೋನೊ ವಿಭಾಗ, ಇವು ಕೇಳಿಸುವ ಸೌಲಭ್ಯಗಳು, ಇವಕ್ಕೂ ದುಡ್ಡು ಕೊಡಬಹುದು. ಅಂಗೈ ದಪ್ಪದ ಅಲ್ಯೂಮಿನಿಯಂ ಮುಖಕ್ಕೆ ಕೊಟ್ಟರೆ ಅದು ಪೀಠೋಪಕರಣದ ಖರ್ಚು. ತಪ್ಪಲ್ಲ, ದನಿಯ ಲೆಕ್ಕಕ್ಕೆ ಮಾತ್ರ ಬರೆಯಬೇಡಿ.

ಆಂಪ್ ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಎಂದು ಮೊದಲೇ ಕೇಳಿ. ಇಪ್ಪತ್ತು ಕಿಲೋ ಪೆಟ್ಟಿಗೆಯನ್ನು ರೈಲಿನಲ್ಲಿ ಹೈದರಾಬಾದಿಗೋ ಬೆಂಗಳೂರಿಗೋ ಹೊತ್ತು ಓಡಾಡುವ ಖರ್ಚನ್ನೂ ಬೆಲೆಗೆ ಸೇರಿಸಿ. ವಿದೇಶದಿಂದ ಬಂಧುಗಳು ತರುವುದಾದರೆ ಹಿಂದಿನ ತಗಡಿನ ಮೇಲೆ 220–240 ವೋಲ್ಟ್, 50 ಹರ್ಟ್ಝ್ ಬರೆದಿದೆಯೇ ನೋಡಲು ಹೇಳಿ. ಅಮೆರಿಕದ್ದು 120, ಜಪಾನಿನದು 100. ನೇರ ಚುಚ್ಚಿದರೆ ಹೊಗೆ. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂಬುದೂ ಬಿಲ್ಲಿನ ಮೇಲೆ ಬರಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೀಟರ್ ಮತ್ತೊಮ್ಮೆ ಹೊರಗೆ ಬರಬೇಕು. ಸ್ಪೀಕರ್ ಬಿಚ್ಚಿ, ಹಾಡು ನಿಲ್ಲಿಸಿ, ಆನ್ ಮಾಡಿ ಹತ್ತು ನಿಮಿಷ ಬಿಟ್ಟು ಟರ್ಮಿನಲ್‌ನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ. 100 ದಾಟಿದರೆ ಒಳಗೇನೋ ಜಾರಿದೆ, ರಿಪೇರಿ ಖರ್ಚು ಬೆಲೆಯಲ್ಲಿ ಮುರಿಸಿಕೊಳ್ಳಿ. ಒಂದು ವೋಲ್ಟ್ ಮೀರಿದ್ದರೆ ಆ ಆಂಪ್‌ಗೆ ನಿಮ್ಮ ಸ್ಪೀಕರ್ ಜೋಡಿಸಲೇಬೇಡಿ. ವಾಲ್ಯೂಮ್ ತಿರುಗಿಸುವಾಗ ಬರುವ ಕರಕರ ಸದ್ದು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುವಂಥದು. ಅದನ್ನೇ ತೋರಿಸಿ ಚೌಕಾಸಿ ಮಾಡಲು ಅಡ್ಡಿಯಿಲ್ಲ.