ಡಿಕ್ಷನರಿಗೆ ಸೇರುವ ನಮೂದನ್ನು ಬಾಗಿಲಲ್ಲೇ ಪರಿಶೀಲಿಸುವುದು ಹೇಗೆ

ಮುಂಬೈಯ ಕನ್ನಡ ಸಂಘವೊಂದರ ಸದಸ್ಯರ ಪಟ್ಟಿಯನ್ನು ಪೈಥಾನ್ ಡಿಕ್ಷನರಿಯಲ್ಲಿ ಇಡುತ್ತೇವೆ ಎಂದುಕೊಳ್ಳಿ: ಸದಸ್ಯತ್ವ ಸಂಖ್ಯೆ ಕೀಲಿ, ಪಿನ್‌ಕೋಡ್ ಮೌಲ್ಯ. ಕೀಲಿ ಹ್ಯಾಶ್ ಆಗುವಂಥದಾಗಿದ್ದರೆ, ಅಂದರೆ ಸಂಖ್ಯೆ ಅಥವಾ ಸ್ಟ್ರಿಂಗ್ (ಅಕ್ಷರಗಳ ಸಾಲು) ಥರದ್ದಾಗಿದ್ದರೆ, ಡಿಕ್ಷನರಿಗೆ ಅಷ್ಟೇ ಸಾಕು. ಐದೇ ಅಂಕಿಯ ಪಿನ್‌ಕೋಡ್ ಕೊಟ್ಟರೂ ಅದು ಇಟ್ಟುಕೊಳ್ಳುತ್ತದೆ, ತಪ್ಪು ನಮಗೆ ತಿಳಿಯುವುದು ಆಮಂತ್ರಣ ಪತ್ರಿಕೆ ಅಂಚೆಯಿಂದ ಹಿಂತಿರುಗಿದಾಗ.

ಡಿಕ್ಟ್ ಕ್ಲಾಸನ್ನು ವಿಸ್ತರಿಸಿ, ಚೌಕ ಆವರಣದ ಮೂಲಕ ಮೌಲ್ಯ ಸೇರಿಸುವಾಗ ಓಡುವ ಸೆಟ್‌ಐಟಂ (__setitem__) ಮೆಥಡ್‌ನಲ್ಲಿ ಪರಿಶೀಲನೆ ಬರೆಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದು ಸಾಲದು. ಹಲವು ನಮೂದುಗಳನ್ನು ಒಟ್ಟಿಗೆ ಸೇರಿಸುವ ಅಪ್‌ಡೇಟ್, ಕೀಲಿ ಇಲ್ಲದಿದ್ದರಷ್ಟೇ ಸೇರಿಸುವ ಸೆಟ್‌ಡಿಫಾಲ್ಟ್ ಮತ್ತು ರಚನೆಯ ಹೊತ್ತಿನಲ್ಲೇ ಕೊಡುವ ನಮೂದುಗಳು ನೀವು ಬರೆದ ಸೆಟ್‌ಐಟಂ ಅನ್ನು ಮುಟ್ಟದೆ ಒಳಗೆ ಹೋಗುತ್ತವೆ. ಆದ್ದರಿಂದ ಕಲೆಕ್ಷನ್ಸ್ ಮಾಡ್ಯೂಲಿನ, ಡಿಕ್ಷನರಿಯಂತೆಯೇ ವರ್ತಿಸುವ ಯೂಸರ್‌ಡಿಕ್ಟ್ (UserDict) ಕ್ಲಾಸನ್ನು ವಿಸ್ತರಿಸಿ. ಅದರಲ್ಲಿ ಈ ಮೂರೂ ದಾರಿಗಳು ಸೆಟ್‌ಐಟಂ ಮೂಲಕವೇ ಹಾಯುತ್ತವೆ. ಆದರೂ ಒಂದು ಹಿತ್ತಿಲ ಬಾಗಿಲು ಉಳಿಯುತ್ತದೆ: ಪೈಥಾನ್ 3.9ನೇ ಆವೃತ್ತಿಯಲ್ಲಿ ಬಂದ, ಲಂಬ ಗೆರೆಯ ಪಕ್ಕದಲ್ಲಿ ಸಮಚಿಹ್ನೆಯಿರುವ ಆಪರೇಟರ್ (|=) ಒಳಗಿನ ಡೇಟಾವನ್ನು ನೇರವಾಗಿ ಬದಲಿಸುತ್ತದೆ. ಅದರ ಮೆಥಡ್ಡನ್ನು (__ior__) ನೀವೇ ಬರೆದು, ಕೆಲಸವನ್ನು ಅಪ್‌ಡೇಟ್‌ಗೆ ಒಪ್ಪಿಸಿ, ಸೆಲ್ಫ್ ಅನ್ನು ಹಿಂತಿರುಗಿಸಿ.

ಇನ್ನು ನಿಯಮದ ಮಾತು. ಪಿನ್‌ಕೋಡ್ 400ರಿಂದಲೇ ಆರಂಭವಾಗಬೇಕೆಂದು ಬರೆದರೆ ಮಾಟುಂಗದ 400019 ಒಪ್ಪಿತವಾಗುತ್ತದೆ, ಡೊಂಬಿವಲಿಯ 421201 ಹೊರಗುಳಿಯುತ್ತದೆ. ಅಲ್ಲಿರುವ ನಮ್ಮವರನ್ನೆಲ್ಲ ಪಟ್ಟಿಯಿಂದ ಕೈಬಿಟ್ಟಂತಾಗುತ್ತದೆ. ಆರು ಅಂಕಿ, ಮೊದಲನೆಯದು ಸೊನ್ನೆಯಲ್ಲ ಎಂಬ ನಿಯಮವೇ ಸರಿ. ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದದ್ದು ಒಂದಿದೆ: ಸ್ಟ್ರಿಂಗಿನಲ್ಲಿ ಬರೀ ಅಂಕಿಗಳಿವೆಯೇ ಎಂದು ನೋಡುವ ಈಸ್‌ಡಿಜಿಟ್, ಈಸ್‌ಡೆಸಿಮಲ್ ಎರಡೂ ಕನ್ನಡ ಅಂಕಿಗಳನ್ನೂ ಒಪ್ಪುತ್ತವೆ. ಹಿರಿಯ ಸದಸ್ಯರೊಬ್ಬರು ಅಕ್ಕರೆಯಿಂದ ೪೦೦೦೧೯ ಎಂದು ತುಂಬಿದರೆ ಪರಿಶೀಲನೆ ಪಾಸಾಗುತ್ತದೆ, ಆದರೆ 400019 ಎಂದು ಹುಡುಕಿದಾಗ ಅವರ ನಮೂದು ಸಿಗುವುದಿಲ್ಲ. ಅವರನ್ನು ತಿರಸ್ಕರಿಸಬೇಡಿ. ಸ್ಟ್ರಿಂಗಿನ ಉದ್ದ ಆರೇ ಇದೆಯೇ, ಈಸ್‌ಡೆಸಿಮಲ್ ಒಪ್ಪುತ್ತದೆಯೇ ಎಂದು ನೋಡಿ. ಬಳಿಕ ಇಂಟ್ ಮೂಲಕ ಸಂಖ್ಯೆಯಾಗಿಸಿ, 100000ಕ್ಕಿಂತ ಕಡಿಮೆಯಿದ್ದರೆ ವ್ಯಾಲ್ಯೂಎರರ್ ಎಸೆಯಿರಿ, ಇಲ್ಲವಾದರೆ ಮತ್ತೆ ಸ್ಟ್ರಿಂಗ್ ಮಾಡಿ ಇಡಿ. ಎರರ್ ಸಂದೇಶದಲ್ಲಿ ಕೀಲಿಯೂ ಬಂದ ಮೌಲ್ಯವೂ ಇರಲಿ.

ಕೀಲಿಗೂ ಇದೇ ಶಿಸ್ತು ಬೇಕು, ಏಕೆಂದರೆ 12 ಎಂಬ ಸಂಖ್ಯೆ ಮತ್ತು "12" ಎಂಬ ಸ್ಟ್ರಿಂಗ್ ಎರಡು ಬೇರೆ ಕೀಲಿಗಳು.

ಒಟ್ಟಿಗೆ ನೂರು ನಮೂದು ಸೇರಿಸುವಾಗ ಐವತ್ತನೆಯದು ತಪ್ಪಿದ್ದರೆ ಮೊದಲ ನಲವತ್ತೊಂಬತ್ತು ಅದಾಗಲೇ ಒಳಗಿರುತ್ತವೆ. ಆದ್ದರಿಂದ ಅವನ್ನು ಮೊದಲು ಅದೇ ಕ್ಲಾಸಿನ ಖಾಲಿ ಡಿಕ್ಷನರಿಯೊಂದಕ್ಕೆ ತುಂಬಿ, ಎಲ್ಲವೂ ಪಾಸಾದ ಮೇಲಷ್ಟೇ ಅಸಲು ಪಟ್ಟಿಗೆ ಅಪ್‌ಡೇಟ್ ಮಾಡಿ.